ಕರು ಹಾಕಿದ ಮೇಲೆ ಹಳ್ಳಿಕಾರ್ ಹಸು ಯಾರನ್ನೂ ಹತ್ತಿರ ಸೇರಿಸುತ್ತಿಲ್ಲ, ಏನು ಮಾಡಲಿ?

ಅರಸೀಕೆರೆ ಸೀಮೆ

ನಮ್ಮ ಹಳ್ಳಿಕಾರ್ ಹಸು ಎರಡನೆಯ ಸೂಲಿಗೆ ಹೆಣ್ಣುಗರು ಹಾಕಿದೆ. ಹೆರಿಗೆ ಸಲೀಸಾಗಿ ಆಯಿತು, ಮಾಸು ಹೊತ್ತಿಗೆ ಸರಿಯಾಗಿ ಬಿತ್ತು, ಕರು ತಾನೇ ಎದ್ದು ಮೊಲೆ ಹಿಡಿಯಿತು. ತೊಂದರೆ ಇರುವುದು ತಾಯಿಯದು. ಗಂಗೆದೊಗಲು ನೀವಿದರೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ ಹಸು ಈಗ ನಾನು ಕೊಟ್ಟಿಗೆಯ ಬಾಗಿಲಿಗೆ ಬಂದರೂ ತಲೆ ತಗ್ಗಿಸಿ ಬುಸುಗುಟ್ಟುತ್ತದೆ. ಅಪ್ಪ ಒಳಗೆ ಹೋದಾಗ ಕೊಂಬು ಬೀಸಿ ಪಕ್ಕೆ ತರಚಿದೆ. ಮನೆಯ ನಾಯಿಯನ್ನು ಗೋಡೆಗೆ ಒತ್ತಿ ಹಿಡಿದಿತ್ತು, ಅದು ಹೇಗೋ ನುಸುಳಿ ಪಾರಾಯಿತು. ಹೆಂಡತಿಯನ್ನು ಮಾತ್ರ ಬಿಡುತ್ತದೆ, ಅದೂ ಅವಳು ಕರುವಿನ ಕಡೆಗೆ ಕೈ ಚಾಚದಿದ್ದರೆ.

ಹೊಕ್ಕುಳಿಗೆ ಅಯೋಡಿನ್ ಹಚ್ಚುವುದು ಹೇಗೆ? ಮೊದಲ ಸೂಲಿನಲ್ಲಿ ಇಷ್ಟು ರೋಷ ಇರಲಿಲ್ಲ. ನಾಲ್ಕು ಪೆಟ್ಟು ಕೊಟ್ಟರೆ ಸರಿಹೋಗುತ್ತದೆ ಎಂದು ಅಪ್ಪ ಹೇಳುತ್ತಾರೆ. ಹಾಯುವ ಚಟ ಹತ್ತಿದ ಹಸು ಮನೆಗೆ ಆಗದು, ಸಂತೆಗೆ ಹೊಡೆಯಿರಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಇನ್ನೊಂದು ವಿಷಯ: ಕರು ದಿನದ ಬಹುಪಾಲು ಮೂಲೆಯಲ್ಲಿ ಮುದುಡಿ ಮಲಗಿಯೇ ಇರುತ್ತದೆ. ಅದಕ್ಕೇನಾದರೂ ಆಗಿದೆಯೇ ಎಂಬ ಅನುಮಾನವೂ ಇದೆ.

ಮಳವಳ್ಳಿ ಡೇರಿ

ಕರುವನ್ನು ಬೇರೆ ಕಟ್ಟಿ. ನಮ್ಮಲ್ಲಿರುವುದೆಲ್ಲ ಎಚ್‌.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಕರು ನೆಲಕ್ಕೆ ಬಿದ್ದ ಕೂಡಲೇ ಒರೆಸಿ ಪಕ್ಕದ ಕೋಣೆಗೆ ಒಯ್ಯುತ್ತೇವೆ, ಗಿಣ್ಣುಹಾಲನ್ನು ಬಾಟಲಿಯಲ್ಲಿ ಕುಡಿಸುತ್ತೇವೆ. ತಾಯಿ ಒಂದಷ್ಟು ಹೊತ್ತು ಕೂಗಿ ಸುಮ್ಮನಾಗುತ್ತದೆ. ಹಾಯುವುದೂ ಇಲ್ಲ, ಒದೆಯುವುದೂ ಇಲ್ಲ. ನೀವು ಮೊದಲ ದಿನವೇ ಹೀಗೆ ಮಾಡಬೇಕಿತ್ತು.

ನಿವೃತ್ತ ಪಶುವೈದ್ಯ

ಅರಸೀಕೆರೆಯವರೇ, ಸಂತೆಯ ಮಾತು ಸದ್ಯಕ್ಕೆ ಬಿಡಿ. ಮೊದಲು ಒಂದೆರಡು ವಿಷಯ ನೋಡಿ ಹೇಳಿ. ಹಸು ಮೇವು ತಿನ್ನುತ್ತಿದೆಯೇ, ಮೆಲುಕು ಹಾಕುತ್ತಿದೆಯೇ? ನೀರು ಕುಡಿಯುತ್ತಿದೆಯೇ? ರೋಷ ಬರುವುದು ಕರುವಿನ ಸುಳಿವಿನಲ್ಲಿ ಮಾತ್ರವೇ, ಅಥವಾ ಕಂಬ, ಬಕೆಟ್ಟು, ಗೋಡೆ ಎಂದು ನೋಡದೆ ಕಂಡದ್ದಕ್ಕೆಲ್ಲ ಹಾಯುತ್ತದೆಯೇ?

ಇದನ್ನು ಕೇಳಲು ಕಾರಣವಿದೆ. ಕರು ಹಾಕಿದ ಹಸುವಿನ ಎಲ್ಲ ಸಿಟ್ಟೂ ತಾಯ್ತನದ್ದಲ್ಲ. ಹೆಚ್ಚು ಹಾಲಿನ ಹಸುಗಳಿಗೆ ಕರು ಹಾಕಿದ ಮೊದಲ ವಾರಗಳಲ್ಲಿ ಕೀಟೋಸಿಸ್ ಎಂಬ, ಮೈಗೆ ಶಕ್ತಿ ಸಾಲದೆ ಹುಟ್ಟುವ ಕಾಯಿಲೆ ಬರುತ್ತದೆ. ಅದು ನರಗಳ ಮೇಲೆ ಪರಿಣಾಮ ಬೀರಿದಾಗ ಹಸು ಗೋಡೆ, ಗೊಂತು, ತನ್ನ ಮೈ ಎಲ್ಲವನ್ನೂ ಬಿಡದೆ ನೆಕ್ಕುತ್ತದೆ, ಕೆಲವೊಮ್ಮೆ ಮೇಲೆ ಬೀಳುತ್ತದೆ, ಉಸಿರಿಗೆ ಹುಳಿಸಿಹಿ ವಾಸನೆ ಇರುತ್ತದೆ. ಇದಕ್ಕಿಂತ ಭಯಂಕರವಾದದ್ದು ರೇಬೀಸ್. ಗಂಟಲು ಒಡೆದ ಕೂಗು, ಸುರಿಯುವ ಜೊಲ್ಲು, ನುಂಗಲಾಗದ ಸ್ಥಿತಿ, ಗುರಿಯಿಲ್ಲದೆ ಹಾಯುವುದು ಕಂಡರೆ ಬಾಯಿಗೆ ಕೈ ಹಾಕಬೇಡಿ, ಹಾಲು ಕರೆಯಬೇಡಿ, ಕೂಡಲೇ ವೈದ್ಯರನ್ನು ಕರೆಯಿರಿ. ಹುಲ್ಲು ಗಂಟಲಿಗೆ ಸಿಕ್ಕಿರಬೇಕೆಂದು ಬಾಯೊಳಗೆ ಕೈ ಹಾಕಿ ನೋಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಆ ಅಭ್ಯಾಸ ಪ್ರಾಣಕ್ಕೆ ಎರವಾಗುತ್ತದೆ. ಪಶು ಆಂಬುಲೆನ್ಸಿಗೆ 1962 ಸಂಖ್ಯೆಗೆ ಕರೆ ಮಾಡಬಹುದು.

ನೀವು ಬರೆದಿರುವುದನ್ನು ನೋಡಿದರೆ ಇದು ಅವೆರಡೂ ಅಲ್ಲವೆನಿಸುತ್ತದೆ. ಹೆಂಡತಿಯನ್ನು ಗುರುತಿಸಿ ಹತ್ತಿರ ಬಿಡುತ್ತದೆ ಎಂದರೆ ಹಸುವಿನ ಲೆಕ್ಕ ಸರಿಯಾಗಿಯೇ ಇದೆ. ಆದರೂ ಮೇವಿನ ವಿಚಾರ ತಿಳಿಸಿ.

ಅರಸೀಕೆರೆ ಸೀಮೆ

ಮೇವು, ನೀರು, ಮೆಲುಕು ಎಲ್ಲವೂ ಸರಿಯಾಗಿದೆ. ರೋಷ ಕರುವಿಗಾಗಿಯೇ. ಕರು ಅದರ ಹಿಂದೆ ಇದ್ದು ನಾನು ಮುಂದಿನಿಂದ ಹುಲ್ಲು ಹಾಕಿದರೆ ಬುಸುಗುಟ್ಟಿ ಸುಮ್ಮನಾಗುತ್ತದೆ. ಕರು ನನಗೂ ಅದಕ್ಕೂ ನಡುವೆ ಇದ್ದರೆ ಮಾತ್ರ ನುಗ್ಗುತ್ತದೆ.

ನಿವೃತ್ತ ಪಶುವೈದ್ಯ

ಹಾಗಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನೀವೇ ಬರೆದಿದ್ದೀರಿ. ತಾಯಿ ಮತ್ತು ಕರುವಿನ ನಡುವೆ ಹೋಗಬೇಡಿ. ನಾನು ನೋಡಿದ ಹಾಯ್ದ ಪ್ರಕರಣಗಳಲ್ಲಿ ಹೆಚ್ಚಿನವು ಆ ನಡುವಿನ ಜಾಗದಲ್ಲಿ ನಡೆದವು.

ಹೀಗೇಕೆ ಆಗುತ್ತದೆ ಎಂದರೆ, ಕರು ಹೊರಬರುವಾಗ ಗರ್ಭಕಂಠ ಹಿಗ್ಗಿದ ಸುದ್ದಿ ನರಗಳ ಮೂಲಕ ಮೆದುಳಿಗೆ ಮುಟ್ಟಿ ಅಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ನಮ್ಮ ರೈತರಿಗೆ ಆಕ್ಸಿಟೋಸಿನ್ ಎಂದರೆ ಹಾಲು ಇಳಿಸುವ ಸೂಜಿ ಮಾತ್ರ. ಅದೇ ವಸ್ತು ತಾಯಿಯನ್ನು ಕರುವಿಗೆ ಕಟ್ಟಿಹಾಕುವ ಕೆಲಸವನ್ನೂ ಮಾಡುತ್ತದೆ. ಜೊತೆಗೆ ಬಸಿರು ನೀರಿನ ವಾಸನೆ ಹೆರಿಗೆಯ ಹೊತ್ತಿನಲ್ಲಿ ಹಸುವನ್ನು ಬಲವಾಗಿ ಸೆಳೆಯುತ್ತದೆ. ನೀರು ಒಡೆದು ಬಿದ್ದ ನೆಲವನ್ನೇ ಮೂಸುತ್ತ ಹಸು ಅಲ್ಲೇ ಸುತ್ತುತ್ತದೆ, ಬಹಳ ಸಲ ಅಲ್ಲೇ ಹೆರುತ್ತದೆ. ಆಮೇಲೆ ನೆಕ್ಕುವುದು. ಅದರಿಂದ ಕರುವಿನ ಮೈ ಒಣಗುತ್ತದೆ, ಉಸಿರಾಟ ಚುರುಕಾಗುತ್ತದೆ, ರಕ್ತ ಓಡಾಡುತ್ತದೆ, ತಾಯಿಯ ಮೂಗಿಗೆ ಈ ಕರುವಿನ ವಾಸನೆ ಅಚ್ಚಾಗುತ್ತದೆ. ಹುಟ್ಟಿದೊಡನೆ ಕೆಲವೇ ನಿಮಿಷ ಒಟ್ಟಿಗಿದ್ದರೂ ಈ ನಂಟು ಬೆಸೆಯುತ್ತದೆ. ಹಲವು ಗಂಟೆ ಬೇರೆ ಇಟ್ಟು ಆಮೇಲೆ ತಂದು ಬಿಟ್ಟರೆ ಎಷ್ಟೋ ಹಸುಗಳು ಸ್ವಂತ ಕರುವನ್ನೇ ಒದ್ದು ಕಳಿಸುತ್ತವೆ.

ಮೊದಲ ಸೂಲಿನಲ್ಲಿ ಇಲ್ಲದ್ದು ಈಗ ಏಕೆ ಎಂದು ಕೇಳಿದ್ದೀರಿ. ಚೊಚ್ಚಲ ಕಡಸಿಗೆ ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಮೊದಲ ದಿನಗಳು ಕಳೆದಿರುತ್ತವೆ. ಎರಡನೆಯ ಸೂಲಿನಿಂದ ಹಸು ಪಳಗಿದ ತಾಯಿ. ಅದಕ್ಕೆ ಕೆಲಸ ಗೊತ್ತು.

ಪೆಟ್ಟಿನ ವಿಚಾರ ನಿಮ್ಮ ತಂದೆಯವರಿಗೆ ಹೀಗೆ ಹೇಳಿ. ಮನುಷ್ಯ ಹತ್ತಿರ ಬಂದರೆ ಅಪಾಯ ಎಂದು ಹಸು ಊಹಿಸಿಕೊಂಡಿದೆ. ಹೊಡೆದರೆ ಆ ಊಹೆ ನಿಜವಾಗುತ್ತದೆ. ಬೆದರಿದ ಹಸುವಿನ ರಕ್ತದಲ್ಲಿ ಅಡ್ರಿನಲಿನ್ ಏರಿ ಹಾಲು ತೊರೆಯುವುದೂ (ಮೊಲೆಗೆ ಇಳಿಯುವುದೂ) ನಿಲ್ಲುತ್ತದೆ. ಹೊಡೆದು ಹಾಲು ಕರೆದವರನ್ನು ನಾನು ಕಂಡಿಲ್ಲ.

ತೀರ್ಥಹಳ್ಳಿ ಹಟ್ಟಿ

ಕರು ಮೂಲೆಯಲ್ಲಿ ಮಲಗಿದೆ ಎಂದು ಹೆದರಬೇಡಿ. ಮೊಲೆಗೆ ಬಾಯಿ ಹಾಕುವಾಗ ಚುರುಕಾಗಿದ್ದರೆ, ಸಗಣಿ ನೀರಾಗದಿದ್ದರೆ ಕರು ಚೆನ್ನಾಗಿಯೇ ಇದೆ. ಹಾಗೆ ಅಡಗಿ ಮಲಗುವುದು ಎಳೆಗರುವಿನ ಸ್ವಭಾವ.

ನಮ್ಮ ಮನೆಯಲ್ಲಿರುವುದು ಮಲೆನಾಡು ಗಿಡ್ಡ. ಹೊಸಬರು ನೋಡಿದರೆ ಕರುವೆಂದೇ ತಿಳಿಯುತ್ತಾರೆ, ಅಷ್ಟು ಪುಟ್ಟ ಹಸುಗಳು. ಅವು ಗಬ್ಬದ ದಿನ ತುಂಬಿದಾಗ ಮಂದೆಯ ಹಿಂದೆ ಉಳಿದು ಕಾಡಿನಲ್ಲೇ ಕರು ಹಾಕುತ್ತವೆ. ಸಂಜೆ ಹಸು ಮಾತ್ರ ಹಟ್ಟಿಗೆ ಬರುತ್ತದೆ, ಹೊಟ್ಟೆ ಇಳಿದಿರುತ್ತದೆ, ಕೆಚ್ಚಲು ತುಂಬಿರುತ್ತದೆ. ಕರು ಎಲ್ಲಿ? ಯಾವುದೋ ಲಂಟಾನದ ಮಟ್ಟಿಯ ಅಡಿಯಲ್ಲಿ ಎಲೆ ಅಲುಗದಂತೆ ಮಲಗಿರುತ್ತದೆ. ಬೆಳಿಗ್ಗೆ ಹಸುವಿನ ಹಿಂದೆ ಹೊರಟರೆ ಅದು ನಮ್ಮನ್ನು ಬೇಕೆಂದೇ ಬೇರೆ ದಿಕ್ಕಿಗೆ ಒಯ್ಯುತ್ತದೆ. ನಾವು ನಿಂತರೆ ತಾನೂ ನಿಂತು ಮೇಯುವಂತೆ ನಟಿಸುತ್ತದೆ. ಅತ್ತೆಯವರು ಹಿಂದೆ ಹೋಗುತ್ತಲೇ ಇರಲಿಲ್ಲ, ಎತ್ತರದ ಬಂಡೆಯ ಮೇಲೆ ಕುಳಿತು ಹಸು ತಿರುತಿರುಗಿ ನೋಡುವ ಕಡೆಯನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಹಸು ಕರುವನ್ನು ಕರೆಯುವ ದನಿ ಬೇರೆ, ಬಾಯಿ ತೆರೆಯದೆ ಗಂಟಲಿನಲ್ಲೇ ಹೊರಡುವ ಉಂಕಾರ. ಅದನ್ನು ಕೇಳಿದ ಮೇಲೆಯೇ ಕರು ಏಳುತ್ತದೆ, ಅಲ್ಲಿಯವರೆಗೆ ಪಕ್ಕದಲ್ಲಿ ನಡೆದುಹೋದರೂ ಕಣ್ಣು ಪಿಳುಕಿಸುವುದಿಲ್ಲ.

ಕೊಟ್ಟಿಗೆಯ ಮೂಲೆಯಲ್ಲಿ ಒಣಹುಲ್ಲು ದಪ್ಪಗೆ ಹಾಸಿ, ಒಂದು ಬದಿಗೆ ಗೋಣಿಯ ಮರೆ ಕಟ್ಟಿ. ಕರು ಅಡಗಲು ಜಾಗ ಸಿಕ್ಕರೆ ತಾಯಿಯೂ ಅರ್ಧ ತಣ್ಣಗಾಗುತ್ತದೆ. ಬಯಲಿನಂತಹ ಸಿಮೆಂಟು ನೆಲದ ಮೇಲೆ ಕರುವನ್ನು ಮಲಗಿಸಿಕೊಂಡು ನೆಮ್ಮದಿಯಾಗಿರು ಎಂದರೆ ಹೇಗೆ?

ಮಾಸನ್ನು ಏನು ಮಾಡಿದಿರಿ? ನಾಯಿ ಕೊಟ್ಟಿಗೆಗೆ ಬಂದದ್ದು ಅದರ ವಾಸನೆಗೇ ಇರಬೇಕು.

ಅರಸೀಕೆರೆ ಸೀಮೆ

ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿದ್ದೇವೆ. ಹಾಲು ಒಸರುವ ಮರಕ್ಕೆ ಕಟ್ಟಿದರೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಕಡೆಯೂ ಇದೆ. ಆದರೆ ನೆಲದ ಮೇಲೆ ಬಿದ್ದ ನೀರು, ರಕ್ತ ಹಾಗೆಯೇ ಇತ್ತು. ತೊಳೆದಿರಲಿಲ್ಲ.

ನಿವೃತ್ತ ಪಶುವೈದ್ಯ

ಹಾಲಿನ ಮಾತು ಹೇಗಾದರೂ ಇರಲಿ, ಮಾಸು ನಾಯಿಗೂ ಹಸುವಿಗೂ ಎಟುಕದಂತೆ ಮೇಲೆ ಹೋಯಿತಲ್ಲ, ಅದು ಒಳ್ಳೆಯದು. ಹಸು ಮಾಸನ್ನು ತಿನ್ನುವುದೂ ಇದೇ ಕಾವಲಿನ ಭಾಗವೆಂದು ಹಲವರು ಭಾವಿಸುತ್ತಾರೆ, ಬೇಟೆಪ್ರಾಣಿಗೆ ವಾಸನೆ ಸಿಗದಿರಲಿ ಎಂದು. ಆದರೆ ಕೊಟ್ಟಿಗೆಯಲ್ಲಿ ತಿನ್ನಲು ಬಿಡಬೇಡಿ, ಗಂಟಲಿಗೆ ಸಿಕ್ಕಿ ಉಸಿರುಗಟ್ಟಬಹುದು. ಚಿರತೆ ತಿರುಗಾಡುವ ಊರುಗಳವರು ಮಾಸನ್ನು ಆಳವಾಗಿ ಹೂಳುವುದೇ ಮೇಲು.

ಅಜ್ಜಂಪುರದ ಹತ್ತಿರ

ಹಳ್ಳಿಕಾರ್ ಎಂದಿರಿ, ಆಶ್ಚರ್ಯವೇನಿದೆ! ನಮ್ಮ ಕಡೆಯ ಅಮೃತಮಹಲ್ ಹುಟ್ಟಿದ್ದೇ ಆ ಮೂಲದಿಂದ. ಕಾವಲಿನಲ್ಲಿ (ಮೀಸಲು ಹುಲ್ಲುಗಾವಲಿನಲ್ಲಿ) ಕರು ಹಾಕಿದ ಅಮೃತಮಹಲ್ ಹಸುವಿನ ಎದುರಿಗೆ ಗೊತ್ತಿಲ್ಲದವರು ಹೋದರೆ ಒಂದು ಹಸುವಲ್ಲ, ಇಡೀ ಮಂದೆ ತಲೆ ಎತ್ತಿ ತಿರುಗುತ್ತದೆ. ಅದು ಹಾಲಿಗಾಗಿ ಬೆಳೆಸಿದ ತಳಿಯಲ್ಲ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಇಲಾಖೆಯಾಯಿತು, ದಂಡಿನ ಸಾಮಾನು, ಫಿರಂಗಿ ಎಳೆಯುವ ಎತ್ತುಗಳಿಗಾಗಿ ತಳಿಯನ್ನು ಕಾವಲುಗಳಲ್ಲಿ ಬೆಳೆಸಿದರು. ಹಸುಗಳನ್ನು ಕರೆಯುವ ಗೋಜಿಗೆ ಹೋಗದೆ ಹಾಲನ್ನೆಲ್ಲ ಕರುವಿಗೇ ಬಿಟ್ಟರು. ಮನುಷ್ಯನ ಕೈ ಕೆಚ್ಚಲಿಗೆ ತಾಗದೆ, ಕಾಡುಪ್ರಾಣಿಗಳಿದ್ದ ಬಯಲಿನಲ್ಲಿ ತಲೆಮಾರುಗಳ ಕಾಲ ಹೆತ್ತ ಹಸುಗಳಲ್ಲಿ ಕರುವನ್ನು ಉಳಿಸಿಕೊಂಡದ್ದು ಯಾವುದು? ಹಾಯುವಂಥದ್ದೇ. ನಿಮ್ಮ ಹಸು ಅದೇ ಬಳಗದ್ದು. ಮಾರಬೇಡಿ, ಆ ಹೆಣ್ಣುಗರುವನ್ನಂತೂ ಮಾರಲೇಬೇಡಿ.

ಮಳವಳ್ಳಿ ಡೇರಿ

ಬಳಗದ ಹೆಮ್ಮೆಯೆಲ್ಲ ಸರಿ. ಹಳ್ಳಿಯ ಕೊಟ್ಟಿಗೆಗಳಲ್ಲಿ ದಿನಾ ಬಾಗುವವರು ಹೆಂಗಸರು. ಪಕ್ಕೆಲುಬು ಮುರಿದರೆ ಆಸ್ಪತ್ರೆಯ ಬಿಲ್ಲನ್ನು ಟಿಪ್ಪು ಕಟ್ಟುವುದಿಲ್ಲ. ನಾನು ಕರುವನ್ನು ಬೇರೆ ಮಾಡುವುದು ಕಟುಕತನದಿಂದಲ್ಲ. ತಾಯಿ ನೆಕ್ಕುವ ಮೊದಲೇ ಬೇರೆ ಮಾಡಿದರೆ ಅದಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ನಾಲ್ಕು ದಿನ ಜೊತೆಗಿಟ್ಟು ಆಮೇಲೆ ಎಳೆದೊಯ್ಯುವವರ ಮನೆಯಲ್ಲಿ ಹಸು ರಾತ್ರಿಯೆಲ್ಲ ಕೂಗುವುದನ್ನು ಕೇಳಿದ್ದೇನೆ. ಯಾವುದು ಕ್ರೂರ, ನೀವೇ ಹೇಳಿ.

ನಿವೃತ್ತ ಪಶುವೈದ್ಯ

ಮಳವಳ್ಳಿಯವರ ಮಾತಿನಲ್ಲಿ ತೂಕವಿದೆ, ಅದನ್ನು ತಳ್ಳಿಹಾಕಬಾರದು. ಒಟ್ಟಿಗಿದ್ದ ಕಾಲ ಹೆಚ್ಚಿದಷ್ಟೂ ಬೇರ್ಪಡಿಸಿದಾಗಿನ ಸಂಕಟ ಹೆಚ್ಚು ಎಂಬುದು ನಿಜ. ಗಿಣ್ಣು ಸರಿಯಾಗಿ ಕುಡಿಸುವುದಾದರೆ ಎಚ್‌.ಎಫ್. ಹಸುವಿನಲ್ಲಿ ಆ ಕ್ರಮ ನಡೆಯುತ್ತದೆ, ಏಕೆಂದರೆ ಕರು ಇಲ್ಲದೆಯೂ ತೊರೆಯುವ ಹಸುಗಳನ್ನೇ ಆರಿಸಿ ಆರಿಸಿ ಆ ತಳಿಯನ್ನು ಬೆಳೆಸಿದ್ದಾರೆ. ಯಂತ್ರ ಹಚ್ಚಿದರೂ ಅದು ಹಾಲು ಬಿಡುತ್ತದೆ.

ಹಳ್ಳಿಕಾರ್ ಹಾಗಲ್ಲ. ಕರು ಮೊಲೆಗೆ ಗುದ್ದಿ ಚೀಪಿದ ಮೇಲೆಯೇ ಕೆಚ್ಚಲು ತೊರೆಯುತ್ತದೆ. ಕರುವನ್ನು ಕಣ್ಮರೆ ಮಾಡಿದರೆ ಹಸು ಹಾಲನ್ನು ಮೇಲಕ್ಕೆಳೆದುಕೊಳ್ಳುತ್ತದೆ, ದಿನಗಳೆದಂತೆ ಬತ್ತಿಯೂ ಹೋಗಬಹುದು. ಕರು ಸತ್ತಾಗ ಅದರ ಚರ್ಮಕ್ಕೆ ಹುಲ್ಲು ತುಂಬಿ ಎದುರಿಗಿಟ್ಟು ಕರೆಯುತ್ತಿದ್ದ ಕಾಲವನ್ನು ನಿಮ್ಮ ತಂದೆಯವರು ಕಂಡಿರುತ್ತಾರೆ. ಅಲ್ಲಿಂದ ಸೂಜಿಗೆ ಹೋಗುವ ದಾರಿ ಬಹಳ ಹತ್ತಿರ. ಹಾಲು ಇಳಿಸಲು ಹಸುವಿನ ಆರೋಗ್ಯಕ್ಕೆ ಹಾನಿಯಾಗುವಂತೆ ಏನನ್ನಾದರೂ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ಆ ದಾರಿ ಹಿಡಿಯಬೇಡಿ.

ಇನ್ನು ಗಿಣ್ಣು. ಹಸುವಿನ ಗರ್ಭದಲ್ಲಿ ರೋಗನಿರೋಧಕ ಅಂಶಗಳು ತಾಯಿಯಿಂದ ಕರುವಿಗೆ ದಾಟುವುದಿಲ್ಲ. ಎಲ್ಲವೂ ಗಿಣ್ಣಿನಿಂದಲೇ ಬರಬೇಕು, ಅದನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಮೊದಲ ಕೆಲವು ಗಂಟೆ ಚೆನ್ನಾಗಿದ್ದು 24 ಗಂಟೆಯ ಹೊತ್ತಿಗೆ ಮುಚ್ಚಿಹೋಗುತ್ತದೆ. ನಿಮ್ಮ ಕರು ತಾನಾಗಿ ಕುಡಿದಿದೆ, ಅದು ಈ ರೋಷದ ತಾಯಿಯ ಉಪಕಾರ.

ಇನ್ಸ್‌ಬ್ರುಕ್ ಕನ್ನಡಿಗ

ನಾಯಿಯ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾನಿರುವ ಆಸ್ಟ್ರಿಯಾದ ಟೈರೋಲ್‌ನಲ್ಲಿ ಬೇಸಿಗೆಯಲ್ಲಿ ಹಸುಗಳನ್ನು ಕರುಗಳ ಸಮೇತ ಬೆಟ್ಟದ ಹುಲ್ಲುಗಾವಲಿಗೆ ಬಿಡುತ್ತಾರೆ, ಅದೇ ದಾರಿಯಲ್ಲಿ ಚಾರಣಿಗರೂ ನಡೆಯುತ್ತಾರೆ. 2014ರಲ್ಲಿ ಸ್ಟೂಬಾಯ್ ಕಣಿವೆಯ ಕಡೆ ನಾಯಿಯೊಂದಿಗೆ ನಡೆದುಹೋಗುತ್ತಿದ್ದ ಜರ್ಮನ್ ಮಹಿಳೆಯೊಬ್ಬರನ್ನು ಕರು ಇದ್ದ ಹಸುಗಳು ತುಳಿದು ಕೊಂದವು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2019ರಲ್ಲಿ ಮೊದಲ ತೀರ್ಪು ಪೂರ್ತಿ ಹೊಣೆಯನ್ನು ರೈತನ ಮೇಲೆ ಹೊರಿಸಿದಾಗ ಇಲ್ಲಿನ ರೈತರು ಕಂಗಾಲಾದರು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ರೈತನಿಗೆ ಅರ್ಧ, ಮೃತರಿಗೆ ಅರ್ಧ ಹೊಣೆ ಎಂಬ ಮೇಲ್ಮನವಿ ತೀರ್ಪನ್ನು ಎತ್ತಿಹಿಡಿಯಿತು.

ಆ ಬಳಿಕ ಇಲ್ಲಿ ಹುಲ್ಲುಗಾವಲಿನಲ್ಲಿ ನಡೆದುಕೊಳ್ಳುವ ನಿಯಮಗಳನ್ನು ಹಾದಿಹಾದಿಯಲ್ಲೂ ಹಾಕಿದ್ದಾರೆ. ನನಗೆ ನೆನಪಿನಲ್ಲಿ ನಿಂತದ್ದು ಒಂದು: ನಾಯಿಯನ್ನು ಹಗ್ಗದಲ್ಲಿ ಹಿಡಿದಿರಬೇಕು, ಆದರೆ ಹಸು ಮೇಲೆ ಬರುತ್ತಿದೆ ಎಂದಾದರೆ ಕೂಡಲೇ ಬಿಟ್ಟುಬಿಡಬೇಕು. ಹಸುವಿಗೆ ಬೇಕಾಗಿರುವುದು ನಾಯಿ, ನೀವಲ್ಲ. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ನಮಗೆ ಅಷ್ಟು ಓಡಲಾಗದು. ಹಸುವಿನ ಕಣ್ಣಿಗೆ ನಾಯಿ ಈಗಲೂ ತೋಳವೇ. ನಿಮ್ಮ ನಾಯಿ ಕರುವಿಗೆ ಏನೂ ಮಾಡಿಲ್ಲ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಸ್ವಲ್ಪ ಕಾಲ ಅದನ್ನು ಕಟ್ಟಿಹಾಕಿ.

ಶಿರಾ ಕಡಸು

ಮಧ್ಯದಲ್ಲಿ ನನ್ನದೊಂದು ಉಲ್ಟಾ ಪ್ರಶ್ನೆ. ನಮ್ಮ ಚೊಚ್ಚಲ ಕಡಸು ಕರುವನ್ನು ಮೂಸುವುದೇ ಇಲ್ಲ, ಮೊಲೆಗೆ ಬಂದರೆ ಒದೆಯುತ್ತದೆ. ಇದಕ್ಕೇನು?

ನಿವೃತ್ತ ಪಶುವೈದ್ಯ

ಮೊದಲು ಕೆಚ್ಚಲು ಮುಟ್ಟಿ ನೋಡಿ. ಬಾವು ಬಂದು ಬಿಗಿದಿದ್ದರೆ ನೋವಿಗೆ ಒದೆಯುತ್ತಿದೆ, ಕರುವಿನ ಮೇಲಿನ ಕೋಪಕ್ಕಲ್ಲ. ಮೊಲೆಯ ತುದಿ ಒಡೆದಿದೆಯೇ, ಕೆಚ್ಚಲು ಬಿಸಿಯಾಗಿದೆಯೇ ಎಂದೂ ನೋಡಿ. ಹಾಗಿದ್ದರೆ ವೈದ್ಯರಿಗೆ ತೋರಿಸಿ. ನೋವು ಇಲ್ಲವೆಂದಾದರೆ ಕರುವಿನ ಬೆನ್ನ ಮೇಲೆ ಉಪ್ಪುನೀರು ಚಿಮುಕಿಸಿ ಬೂಸಾ ಉದುರಿಸಿ, ನೆಕ್ಕಲು ಶುರುಮಾಡಿದರೆ ಉಳಿದದ್ದು ತಾನಾಗಿ ಆಗುತ್ತದೆ. ಅಲ್ಲಿಯವರೆಗೆ ಗಿಣ್ಣನ್ನು ಕರೆದು ನೀವೇ ಕುಡಿಸಿ, ತಾಯಿಯ ಮನಸ್ಸು ಬದಲಾಗಲಿ ಎಂದು ಕಾಯಬೇಡಿ.

ತೀರ್ಥಹಳ್ಳಿ ಹಟ್ಟಿ

ಅರಸೀಕೆರೆಯವರೇ, ಅಯೋಡಿನ್ ಹಚ್ಚಿದಿರಾ? ಹೊಕ್ಕುಳು ಬಾತರೆ ಕರು ಕೈಬಿಟ್ಟುಹೋಗುತ್ತದೆ. ಈ ಕೆಲಸಕ್ಕೆ ಹಸು ಒಪ್ಪುವವರನ್ನೇ ಮುಂದೆ ಬಿಡಿ. ಹೆಂಡತಿಯವರು ದಿನಾ ಉಡುವ ಹಳೆಯ ಬಟ್ಟೆಯಲ್ಲೇ ಹೋಗಲಿ, ಹೊಸ ಸೋಪಿನ ವಾಸನೆಯೂ ಬೇಡ. ಮೊದಲು ಬೆಲ್ಲದ ಅಕ್ಕಚ್ಚು ಇಡಲಿ. ಕರುವನ್ನು ಎತ್ತಬೇಡಿ. ಕರು ಅಂಬಾ ಎಂದರೆ ಮುಗಿಯಿತು, ಆಗ ಅಕ್ಕಚ್ಚೂ ಇಲ್ಲ, ಬೆಲ್ಲವೂ ಇಲ್ಲ!

ಅರಸೀಕೆರೆ ಸೀಮೆ

ಹಚ್ಚಿದೆವು. ಎರಡು ಬಿದಿರ ಗಳುಗಳನ್ನು ಅಡ್ಡ ಕಟ್ಟಿ ಕೊಟ್ಟಿಗೆಯ ಮೂಲೆಯನ್ನು ಬೇರೆ ಮಾಡಿದೆ. ಕೆಳಗಿನ ಗಳುವಿನ ಅಡಿಯಿಂದ ಕರು ನುಸುಳುತ್ತದೆ, ತಾಯಿ ಮೂಗು ಚಾಚಿ ಮೂಸಬಹುದು, ಒಳಗೆ ಬರಲಾರದು. ಹಸು ಅಕ್ಕಚ್ಚಿಗೆ ಬಾಯಿ ಹಾಕಿದಾಗ ಕರು ಆ ಮೂಲೆಯಲ್ಲಿತ್ತು. ಹೆಂಡತಿ ಗೋಡೆಯ ಬದಿಯಿಂದ ಹೋಗಿ ಕರುವಿನ ಹೊಕ್ಕುಳನ್ನು ಅಯೋಡಿನ್ ಬಟ್ಟಲಿನಲ್ಲಿ ಅದ್ದಿ ಬಂದಳು. ಹಸು ಒಮ್ಮೆ ತಲೆ ಎತ್ತಿ ಉಂಕರಿಸಿತು, ಮೂಸಿ ನೋಡಿ ಮತ್ತೆ ಬಾಯಿ ಹಾಕಿತು. ನೆಲ ತೊಳೆದಿದ್ದೇವೆ, ನಾಯಿ ಕಣದ ಹತ್ತಿರ ಕಟ್ಟಿದೆ. ಅಪ್ಪ ಕೋಲನ್ನು ಮೂಲೆಗಿಟ್ಟಿದ್ದಾರೆ, ಆದರೂ ಇದೆಲ್ಲ ಮುದ್ದು ಹೆಚ್ಚಾಯಿತು ಎಂಬ ಗೊಣಗಾಟ ನಿಂತಿಲ್ಲ.

ಕಿವಿಯೋಲೆ (ದನದ ಗುರುತಿನ ಸಂಖ್ಯೆಯ ಬಿಲ್ಲೆ) ಹಾಕುವವರು ಊರಿಗೆ ಬರುತ್ತಾರಂತೆ. ಕರುವಿಗೆ ಈಗಲೇ ಹಾಕಿಸಬೇಕೇ?

ನಿವೃತ್ತ ಪಶುವೈದ್ಯ

ಅವಸರವಿಲ್ಲ. ಕಿವಿ ಚುಚ್ಚಿದಾಗ ಕರು ಕಿರುಚುತ್ತದೆ, ಈ ವಾರ ಆ ಕಿರುಚಾಟ ಬೇಡ. ಕಾಲುಬಾಯಿ ಜ್ವರದ ಲಸಿಕೆ ಕರುವಿಗೆ ಶುರುವಾಗುವುದು ನಾಲ್ಕು ತಿಂಗಳಿಗೆ, ಹೆಣ್ಣುಗರುಗಳಿಗೆ ಬ್ರುಸೆಲ್ಲಾ ಲಸಿಕೆ ನಾಲ್ಕರಿಂದ ಎಂಟು ತಿಂಗಳೊಳಗೆ. ಹನ್ನೆರಡು ಅಂಕಿಯ ಓಲೆಯನ್ನು ಆ ಹೊತ್ತಿಗೆ ಹಾಕಿಸಿದರೂ ನಡೆಯುತ್ತದೆ. ಜಂತುನಾಶಕವನ್ನು ಮಾತ್ರ ತಡಮಾಡಬೇಡಿ. ತಾಯಿಯ ಹಾಲಿನ ಮೂಲಕವೇ ಕರುವಿಗೆ ದುಂಡುಹುಳು ಬರುತ್ತದೆ, ಎರಡನೆಯ ವಾರದಲ್ಲಿ ವೈದ್ಯರನ್ನು ಕೇಳಿ ಬಾಯಿಗೆ ಔಷಧಿ ಹಾಕಿಸಿ. ಅಷ್ಟರಲ್ಲಿ ಹಸುವಿನ ಬಿಗಿ ಸಡಿಲವಾಗಿರುತ್ತದೆ. ಕರು ಗಟ್ಟಿಯಾಗಿ ತಾನೇ ಓಡಾಡತೊಡಗಿದಂತೆ ಈ ರೋಷ ಇಳಿಯುತ್ತದೆ.

ಮುಂದಿನ ಸೂಲಿಗೆ ಒಂದು ಮಾತು. ಗಬ್ಬದ ಕೊನೆಯ ತಿಂಗಳಲ್ಲಿ ನೀವೂ ನಿಮ್ಮ ತಂದೆಯವರೂ ದಿನಾ ಮೇವು ಹಾಕಿ, ಮೈ ಉಜ್ಜಿ, ಕೆಚ್ಚಲಿಗೆ ಕೈ ತಾಗಿಸಿ ರೂಢಿ ಮಾಡಿಸಿ. ಈಗ ಹೆಂಡತಿಯವರಿಗೆ ಸಿಕ್ಕಿರುವ ರಿಯಾಯಿತಿ ಹಾಗೆ ಬಂದದ್ದು. ಒಳಗೆ ಹೋಗುವಾಗ ನೇರ ಮುಂದಿನಿಂದಾಗಲೀ ಬಾಲದ ಹಿಂದಿನಿಂದಾಗಲೀ ಹೋಗಬೇಡಿ. ಹಿಂಬದಿ ಅದಕ್ಕೆ ಕಾಣದ ಜಾಗ. ಭುಜದ ಓರೆಯಿಂದ, ಮಾತನಾಡುತ್ತ ಹೋಗಿ, ಹೊರಗೋಡುವ ದಾರಿ ನಿಮ್ಮ ಬೆನ್ನಿಗಿರಲಿ.

ಮಳವಳ್ಳಿ ಡೇರಿ

ಆ ಬಿದಿರಿನ ಮೂಲೆಯ ಅಳತೆ ಹೇಳಿ. ನಮ್ಮಲ್ಲಿ ಒಂದು ಗೀರ್ ಹಸು ಬಂದಿದೆ, ಅದು ಬಾಟಲಿಯ ಲೆಕ್ಕಕ್ಕೆ ಬಗ್ಗುತ್ತಿಲ್ಲ.

ಅರಸೀಕೆರೆ ಸೀಮೆ

ಕೆಳಗಿನ ಗಳು ಕರುವಿನ ಬೆನ್ನಿಗಿಂತ ಒಂದು ಗೇಣು ಮೇಲೆ, ಮೇಲಿನದು ತಾಯಿಯ ಎದೆಯ ಮಟ್ಟಕ್ಕೆ. ಗಳುಗಳನ್ನು ತಂತಿಯಿಂದ ಕಟ್ಟಬೇಡಿ, ತಂತಿಯ ತುದಿ ಕರುವಿನ ಮೈಗೆ ಗೀರುತ್ತದೆ. ತೆಂಗಿನ ನಾರಿನ ಹಗ್ಗವೇ ಸಾಕು, ಕರು ಬೆಳೆದಂತೆ ಬಿಚ್ಚಿ ಮೇಲೇರಿಸಬಹುದು. ಗೀರ್ ಕೊಂಬು ಹಿಂದಕ್ಕೆ ಬಾಗಿರುತ್ತದೆ, ಸಂದಿಗೆ ಸಿಕ್ಕಿಕೊಳ್ಳುತ್ತದೆಯೇ ಎಂದು ಮೊದಲ ದಿನ ನಿಂತು ನೋಡಿ.